ಶುಶ್ರೂಷೆಯಿಂದ ಸೇನಾವೈದ್ಯಕ್ಕೆ: ಫ್ಲೋರಾ ಮರೇ ನಡೆದ ದಾರಿ

ಶುಶ್ರೂಷೆಯೆಂಬ ಶಬ್ದಕ್ಕೆ ಕನ್ನಡದಲ್ಲಿ ರೋಗಿಯ ಸೇವೆಯೆಂಬ ಅರ್ಥವೇ ರೂಢವಾಗಿದೆ. ಆದರೆ ಅದರ ಮೂಲವನ್ನು ನೋಡಿದರೆ ಅದು ‘ಶ್ರು’ ಎಂಬ ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಬಯಕೆಯೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲು ಬಯಸುವವನು ಶುಶ್ರೂಷು. ಕೇಳಿದವನು ಹೇಳಿದಂತೆ ನಡೆಯುವನಾದುದರಿಂದ ವಿಧೇಯತೆಯೆಂಬ ಅರ್ಥವೂ, ವಿಧೇಯನಾದವನು ಪರಿಚರ್ಯೆ ಮಾಡುವನಾದುದರಿಂದ ಸೇವೆಯೆಂಬ ಅರ್ಥವೂ ಅದಕ್ಕೆ ಸೇರಿಕೊಂಡವು. ಹೀಗೆ ಒಂದೇ ಶಬ್ದದೊಳಗೆ ವಿದ್ಯಾರ್ಥಿಯೂ ಸೇವಕನೂ ಕೂಡಿ ವಾಸವಾಗಿದ್ದಾರೆ. ಕಾಲಕ್ರಮದಲ್ಲಿ ಸೇವಕನು ಉಳಿದು ವಿದ್ಯಾರ್ಥಿಯು ಮರೆಯಾದನು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿರುವುದು ಪ್ರಸಿದ್ಧವಾಗಿದೆ. ಪರಿಚಾರಕನಿಗೆ ಉಪಚಾರದ ತಿಳಿವು, ದಾಕ್ಷ್ಯ, ಅನುರಾಗ, ಶೌಚ. ವೈದ್ಯನಿಗೆ ಶಾಸ್ತ್ರದಲ್ಲಿ ನೈರ್ಮಲ್ಯ, ಬಹುವಾಗಿ ಕರ್ಮವನ್ನು ಕಂಡಿರುವಿಕೆ, ದಾಕ್ಷ್ಯ, ಶೌಚ. ಈ ಎರಡು ಪಟ್ಟಿಗಳನ್ನು ಒತ್ತಿನಲ್ಲಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ದಾಕ್ಷ್ಯ, ಶೌಚಗಳು ಇಬ್ಬರಿಗೂ ಸಮಾನ. ಕರ್ಮವನ್ನು ಬಹುವಾಗಿ ಕಾಣುವ ಅವಕಾಶವು ಹಗಲಿರುಳು ಹಾಸಿಗೆಯ ಬಳಿಯಿರುವ ಪರಿಚಾರಕನಿಗೆ ವೈದ್ಯನಿಗಿಂತ ಕಡಮೆಯಲ್ಲ. ಹಾಗಾದರೆ ಇಬ್ಬರನ್ನೂ ನಿಜವಾಗಿ ಬೇರ್ಪಡಿಸುವುದು ‘ಶ್ರುತ’ವೊಂದೇ, ಎಂದರೆ ಶಾಸ್ತ್ರಶ್ರವಣ. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ವೈದ್ಯವಿದ್ಯೆಯ ಒಳಗಿನ ಪ್ರಶ್ನೆಯಲ್ಲ; ಅದನ್ನು ನಿರ್ಣಯಿಸುವುದು ಸಮಾಜ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ನಿರ್ಣಯ ಹೇಗೆ ನಡೆಯಿತು, ಪರಿಚಾರಿಕೆಯಾಗಿ ಆಸ್ಪತ್ರೆಯನ್ನು ಹೊಕ್ಕ ಒಬ್ಬ ಸ್ತ್ರೀ ಸೈನಿಕ ಆಸ್ಪತ್ರೆಯ ಮುಖ್ಯವೈದ್ಯೆಯಾಗುವ ವರೆಗಿನ ದಾರಿಯಲ್ಲಿ ಎಷ್ಟು ಬಾಗಿಲುಗಳಿದ್ದುವು, ಅವುಗಳಲ್ಲಿ ಯಾವುವು ತೆರೆದುವು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ೧೮೫೮ರ ವೈದ್ಯಶಾಸನವು ವೈದ್ಯರ ಪಟ್ಟಿಯೊಂದನ್ನು ಸ್ಥಾಪಿಸಿತು. ಆ ಪಟ್ಟಿಯಲ್ಲಿ ಹೆಸರಿಲ್ಲದವರು ವೈದ್ಯರೆಂದು ಹೇಳಿಕೊಳ್ಳುವಂತಿರಲಿಲ್ಲ. ಶಾಸನದಲ್ಲಿ ಸ್ತ್ರೀಯರನ್ನು ನಿಷೇಧಿಸುವ ಮಾತು ಇರಲಿಲ್ಲ. ಆದರೆ ಪಟ್ಟಿಗೆ ಸೇರಲು ಬೇಕಾದ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಗಳು ಸ್ತ್ರೀಯರನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಅಮೆರಿಕದಲ್ಲಿ ಪದವಿ ಪಡೆದಿದ್ದ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬಾಕೆ ಮಾತ್ರ, ಶಾಸನಕ್ಕೆ ಹಿಂದೆಯೇ ವಿದೇಶದ ಪದವಿಯ ಬಲದಿಂದ ವೃತ್ತಿ ನಡೆಸಿದವರಿಗೆಂದು ಇದ್ದ ಒಂದು ವಿನಾಯಿತಿಯಿಂದ ೧೮೫೯ರಲ್ಲಿ ಆ ಪಟ್ಟಿಯನ್ನು ಸೇರಿದಳು. ಆಕೆಯ ಹಿಂದೆಯೇ ಆ ಬಾಗಿಲು ಮುಚ್ಚಿತು. ಅದೇ ವರ್ಷ ಲಂಡನ್ನಿನಲ್ಲಿ ಆಕೆಯ ಉಪನ್ಯಾಸಗಳನ್ನು ಕೇಳಿದವರಲ್ಲಿ ಸಫೋಕ್ ಸೀಮೆಯ ಆಲ್ಡ್‌ಬರೋ ಊರಿನ ವರ್ತಕ ನ್ಯೂಸನ್ ಗ್ಯಾರೆಟ್ಟನ ಮಗಳು ಎಲಿಜಬೆತ್ ಗ್ಯಾರೆಟ್ ಒಬ್ಬಳು; ಆಗ ಆಕೆಯ ವಯಸ್ಸು ೨೨.

ಗ್ಯಾರೆಟ್ ವೈದ್ಯವಿದ್ಯೆಯನ್ನು ಕಲಿಯಬೇಕೆಂದಾಗ ಆಸ್ಪತ್ರೆಯೊಳಗೆ ಸ್ತ್ರೀಯೊಬ್ಬಳಿಗೆ ಇದ್ದ ಬಾಗಿಲು ಒಂದೇ, ಅದು ಪರಿಚಾರಿಕೆಯ ಬಾಗಿಲು. ೧೮೬೦ರ ಆಗಸ್ಟಿನಲ್ಲಿ ಆಕೆ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡಿನ ಪರಿಚಾರಿಕೆಯಾಗಿ ಸೇರಿದಳು. ಇದೇ ವರ್ಷ, ಕೆಲವು ವಾರಗಳ ಹಿಂದೆಯಷ್ಟೆ, ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಶುಶ್ರೂಷಾಶಾಲೆ ತೆರೆದಿತ್ತು. ಎರಡೂ ಒಂದೇ ನಗರದಲ್ಲಿ, ಒಂದೇ ಬೇಸಗೆಯಲ್ಲಿ ನಡೆದುವಾದರೂ ಎರಡರ ಗುರಿಯೂ ಬೇರೆ. ನೈಟಿಂಗೇಲಳು ಪರಿಚರ್ಯೆಯನ್ನೇ ಒಂದು ಪೂರ್ಣವೃತ್ತಿಯಾಗಿ ಮಾಡಹೊರಟವಳು. ಸ್ತ್ರೀವೈದ್ಯರ ವಿಷಯದಲ್ಲಿ ಆಕೆಗೆ ಆಗ ಆದರವಿರಲಿಲ್ಲವೆಂಬುದು ಅದೇ ವರ್ಷ ಜಾನ್ ಸ್ಟೂಅರ್ಟ್ ಮಿಲ್ಲನಿಗೆ ಬರೆದ ಕಾಗದದಿಂದ ಸ್ಪಷ್ಟವಾಗುತ್ತದೆ. ಗ್ಯಾರೆಟ್ಟಳಿಗಾದರೋ ಪರಿಚರ್ಯೆಯು ದಾಟಬೇಕಾದ ಹೊಸಿಲು ಮಾತ್ರವಾಗಿತ್ತು.

ಆಕೆ ಅಲ್ಲಿ ವಾರ್ಡಿನ ಕೆಲಸಮಾಡುತ್ತಲೇ ಆಸ್ಪತ್ರೆಯ ಔಷಧಕಾರನಿಂದ ಔಷಧವಿಜ್ಞಾನವನ್ನೂ, ಹೊರಗೆ ಗುರುವೊಬ್ಬನಿಂದ ಶರೀರಶಾಸ್ತ್ರವನ್ನೂ ಹೇಳಿಸಿಕೊಂಡಳು. ಶಸ್ತ್ರಕ್ರಿಯೆಗಳನ್ನು ಬಳಿಯಲ್ಲಿ ನಿಂತು ಕಂಡಳು. ಕೊನೆಗೆ ಅಂಗಚ್ಛೇದದ ಶಾಲೆಗೂ ರಸಾಯನಶಾಸ್ತ್ರದ ಉಪನ್ಯಾಸಗಳಿಗೂ ಪ್ರವೇಶ ಪಡೆದಳು. ಪರಿಚಾರಿಕೆಯಾಗಿದ್ದಷ್ಟು ಕಾಲ ಆಕೆಯನ್ನು ಯಾರೂ ಆಕ್ಷೇಪಿಸಲಿಲ್ಲವೆಂಬುದು ಗಮನಾರ್ಹ. ಪುರುಷ ವಿದ್ಯಾರ್ಥಿಗಳ ಜತೆಯಲ್ಲಿ ಬೆಂಚಿನ ಮೇಲೆ ಕುಳಿತು, ಅವರಿಗಿಂತ ಚೆನ್ನಾಗಿ ಉತ್ತರ ಕೊಡತೊಡಗಿದಾಗ ಅಸಮಾಧಾನ ತಲೆದೋರಿತು. ೧೮೬೧ರಲ್ಲಿ ವಿದ್ಯಾರ್ಥಿಗಳು ಆಕೆಯ ವಿರುದ್ಧ ವಿಜ್ಞಾಪನೆಯೊಂದನ್ನು ಬರೆದು ಒಪ್ಪಿಸಿದರು. ಆಕೆ ರಸಾಯನಶಾಸ್ತ್ರ, ಔಷಧವಿಜ್ಞಾನಗಳಲ್ಲಿ ಪ್ರಶಸ್ತಿಪತ್ರಗಳನ್ನು ಕೈಯಲ್ಲಿ ಹಿಡಿದು ಹೊರಬರಬೇಕಾಯಿತು. ಅದೇ ಕೋಣೆಯಲ್ಲಿ ರಕ್ತದ ಬಟ್ಟೆಯನ್ನು ಎತ್ತುವ ಸ್ತ್ರೀ ಸಹ್ಯಳು, ಟಿಪ್ಪಣಿ ಬರೆದುಕೊಳ್ಳುವ ಸ್ತ್ರೀ ಅಸಹ್ಯಳು! ಸ್ತ್ರೀಸಹಜವಾದ ಲಜ್ಜೆಯನ್ನು ಕಾಪಾಡುವುದಕ್ಕಾಗಿಯೇ ಈ ನಿಷೇಧವೆಂದು ಅಂದು ವಾದಿಸುತ್ತಿದ್ದವರು ಆ ರಕ್ತದ ಬಟ್ಟೆಯ ವಿಷಯವನ್ನು ಎತ್ತಲಿಲ್ಲ.

ಔಷಧಕಾರರ ಪುರಾತನ ಸಂಘವೊಂದರ ಸನ್ನದಿನಲ್ಲಿ ‘ಪುರುಷರು’ ಎಂದಿರದೆ ‘ವ್ಯಕ್ತಿಗಳು’ ಎಂದಿದ್ದುದನ್ನು ಹಿಡಿದು, ತಂದೆಯು ದಾವೆಯ ಬೆದರಿಕೆಯನ್ನೊಡ್ಡಿದ ಮೇಲೆ, ಗ್ಯಾರೆಟ್ ೧೮೬೫ರ ಸೆಪ್ಟೆಂಬರಿನಲ್ಲಿ ಆ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೈದ್ಯರ ಪಟ್ಟಿಯನ್ನು ಸೇರಿದಳು. ಸಂಘವು ಒಡನೆಯೇ ತನ್ನ ನಿಯಮಗಳನ್ನು ತಿದ್ದಿ ಮತ್ತೊಬ್ಬಳು ಅದೇ ದಾರಿಯಲ್ಲಿ ಬಾರದಂತೆ ಮಾಡಿತು. ೧೮೭೦ರಲ್ಲಿ ಪ್ಯಾರಿಸ್ಸಿನ ಎಂ.ಡಿ. ಪದವಿ, ೧೮೭೧ರಲ್ಲಿ ಜೇಮ್ಸ್ ಸ್ಕೆಲ್ಟನ್ ಆಂಡರ್ಸನ್ನನೊಡನೆ ವಿವಾಹ, ೧೮೭೨ರಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆ. ೧೮೭೪ರಲ್ಲಿ ಸೋಫಿಯಾ ಜೆಕ್ಸ್‌-ಬ್ಲೇಕ್ ಮೊದಲಾದವರ ಪ್ರಯತ್ನದಿಂದ ಲಂಡನ್ನಿನಲ್ಲಿ ಸ್ತ್ರೀಯರ ವೈದ್ಯಶಾಲೆ ಸ್ಥಾಪಿತವಾಯಿತು. ೧೮೭೬ರ ಶಾಸನವು ಪರೀಕ್ಷಾಸಂಸ್ಥೆಗಳಿಗೆ ಸ್ತ್ರೀಯರನ್ನು ಪರೀಕ್ಷಿಸುವ ಅಧಿಕಾರವನ್ನು ಕೊಟ್ಟಿತು. ಶ್ರುತದ ಬಾಗಿಲು ಹೀಗೆ ಅರೆಯಾಗಿ ತೆರೆಯಿತು.

ಸೇನೆಯ ಬಾಗಿಲು ಬೇರೆ. ಇಲ್ಲಿ ಒಂದು ಕಾಲಸಾಮ್ಯವನ್ನು ಹೇಳದೆ ಮುಂದೆ ಹೋಗುವುದು ಕಷ್ಟ. ಗ್ಯಾರೆಟ್ ತೇರ್ಗಡೆಯಾಗುವುದಕ್ಕೆ ಎರಡು ತಿಂಗಳು ಹಿಂದೆ, ೧೮೬೫ರ ಜುಲೈ ೨೫ರಂದು, ಲಂಡನ್ನಿನಲ್ಲಿ ಜೇಮ್ಸ್ ಬ್ಯಾರಿಯೆಂಬ ವೃದ್ಧ ಸೇನಾವೈದ್ಯನು ತೀರಿಕೊಂಡನು. ೧೮೧೨ರಲ್ಲಿ ಎಡಿನ್‌ಬರೋ ಪದವಿ, ೧೮೧೩ರಲ್ಲಿ ಸೇನಾಪ್ರವೇಶ, ಕೊನೆಗೆ ಸೈನಿಕ ಆಸ್ಪತ್ರೆಗಳ ಇನ್‌ಸ್ಪೆಕ್ಟರ್ ಜನರಲ್ ಹುದ್ದೆ. ಶವವನ್ನು ತೊಳೆದ ಹೆಂಗಸು ಅದು ಸ್ತ್ರೀಯ ದೇಹವೆಂದು ಹೇಳಿದಳು. ಬ್ಯಾರಿಯ ಬಾಳನ್ನು ಹೇಗೆ ಅರ್ಥಮಾಡಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆ ಕಾಲದಲ್ಲಿ ಪುರುಷವೇಷವಿಲ್ಲದೆ ಸೇನಾವೈದ್ಯದ ಮೆಟ್ಟಿಲನ್ನು ಹತ್ತಲು ಸಾಧ್ಯವೇ ಇರಲಿಲ್ಲವೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಪರಿಚಾರಿಕೆಯರಿಗಾದರೋ ಕ್ರಿಮಿಯಾ ಯುದ್ಧದ ತರುವಾಯ ಸೇನೆಯಲ್ಲಿ ಎಡೆ ದೊರೆಯುತ್ತ ಬಂದಿತು. ನಮ್ಮ ದೇಶದ ಸಂಗತಿಯೂ ಇದಕ್ಕೆ ಸಾಕ್ಷಿ. ೧೮೮೮ರಲ್ಲಿ ಬ್ರಿಟಿಷ್ ಸೈನಿಕರ ಆಸ್ಪತ್ರೆಗಳಿಗಾಗಿ ಹತ್ತು ಮಂದಿ ಶಿಕ್ಷಿತ ಪರಿಚಾರಿಕೆಯರು ಮುಂಬಯಿಗೆ ಬಂದಿಳಿದರು. ಅವರಲ್ಲಿ ಒಂದು ತಂಡ ಕ್ಯಾಥರಿನ್ ಗ್ರೇಸ್ ಲಾಕ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿ ರಾವಲಪಿಂಡಿಗೂ, ಇನ್ನೊಂದು ನಮ್ಮ ಬೆಂಗಳೂರಿನ ದಂಡುಪ್ರದೇಶಕ್ಕೂ ಹೋದುವು. ಭಾರತದ ಸೇನಾಶುಶ್ರೂಷೆಯ ಆರಂಭ ಇದೇ. ೧೯೦೨ರಲ್ಲಿ ಇಂಗ್ಲೆಂಡಿನಲ್ಲಿ ರಾಣಿ ಅಲೆಕ್ಸಾಂಡ್ರಾಳ ಹೆಸರಿನ ಸೇನಾಶುಶ್ರೂಷಾದಳ ರಚಿತವಾಯಿತು. ಎಂದರೆ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಸ್ಥಿತಿ ಹೀಗಿತ್ತು: ಕೆಳಗಿನ ಮೆಟ್ಟಿಲಿನಲ್ಲಿ ನಿಂತ ಸ್ತ್ರೀಗೆ ಸೇನೆಯಲ್ಲಿ ಸ್ಥಳವುಂಟು, ಆಕೆ ಕಲಿತು ಮೇಲಿನ ಮೆಟ್ಟಿಲನ್ನು ಹತ್ತಿದರೆ ಆ ಸ್ಥಳವೂ ಇಲ್ಲ. ವಿದ್ಯೆ ಹೆಚ್ಚಿದಷ್ಟೂ ಸೇನೆಗೆ ದೂರವಾಗುವ ಈ ವಿಚಿತ್ರ ಏಣಿಯನ್ನು ಹತ್ತಿದವಳೇ ಫ್ಲೋರಾ ಮರೇ.

ಮರೇ ೧೮೬೯ರ ಮೇ ೮ರಂದು ಸ್ಕಾಟ್ಲೆಂಡಿನ ಡಂಫ್ರೀಸ್ ಸೀಮೆಯಲ್ಲಿ, ನೌಕಾಸೇನೆಯಿಂದ ನಿವೃತ್ತನಾಗಿದ್ದ ಒಬ್ಬ ಕ್ಯಾಪ್ಟನ್ನನ ಮಗಳಾಗಿ ಹುಟ್ಟಿದಳು. ೧೮೯೦ರಲ್ಲಿ ಲಂಡನ್ ನಗರದ ಪೂರ್ವಭಾಗದ ವೈಟ್‌ಚಾಪೆಲ್ಲಿನಲ್ಲಿದ್ದ ಲಂಡನ್ ಆಸ್ಪತ್ರೆಯಲ್ಲಿ ಆರು ತಿಂಗಳ ಕಾಲ ಉಮೇದುವಾರ ಪರಿಚಾರಿಕೆಯಾಗಿದ್ದಳು. ಆ ಆಸ್ಪತ್ರೆ ಬಡವರ ಕೇರಿಯ ನಡುವೆ ಇದ್ದುದು. ಅಲ್ಲಿಯ ಶುಶ್ರೂಷಾವಿಭಾಗ ಇವಾ ಲೂಕೆಸ್ ಎಂಬ ಮೇಟ್ರನ್ನಳ ಕಟ್ಟುನಿಟ್ಟಾದ ಆಳ್ವಿಕೆಯಲ್ಲಿತ್ತು. ಅದೇ ೧೮೯೦ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯ ಸಮಿತಿಯೊಂದು ರಾಜಧಾನಿಯ ಆಸ್ಪತ್ರೆಗಳ ಸ್ಥಿತಿಯನ್ನು ವಿಚಾರಿಸತೊಡಗಿದಾಗ, ಈ ಆಸ್ಪತ್ರೆಯ ಪರಿಚಾರಿಕೆಯರ ದುಡಿಮೆಯ ಹೊತ್ತು, ಊಟ, ಶಿಕ್ಷಣಗಳ ವಿಷಯದಲ್ಲಿ ಅನೇಕ ದೂರುಗಳು ಅದರ ಮುಂದೆ ಬಂದುವು. ಪರಿಚಾರಿಕೆಯ ಬಾಳು ಬಿಸಿಬಿಸಿಯಾದ ಚರ್ಚೆಗೆ ಒಳಗಾಗಿದ್ದ ಕಾಲದಲ್ಲಿ ಮರೇ ಆ ವಾರ್ಡುಗಳಲ್ಲಿ ದುಡಿದಳೆಂಬುದನ್ನು ನೆನಪಿನಲ್ಲಿಡಬೇಕು.

ಆ ಆರು ತಿಂಗಳು ಆಕೆಯನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿದುವು. ಆದರೆ ತಿರುಗಿದ ಕೂಡಲೆ ದಾರಿ ಸಿಕ್ಕಲಿಲ್ಲ. ಆಕೆ ಸ್ತ್ರೀಯರ ವೈದ್ಯಶಾಲೆಯನ್ನು ಸೇರಿದುದು ೧೮೯೭ರಲ್ಲಿ, ಎಂದರೆ ಏಳು ವರ್ಷದ ಮೇಲೆ, ೨೮ನೆಯ ವಯಸ್ಸಿನಲ್ಲಿ. ಅಂದಿನ ದೃಷ್ಟಿಯಲ್ಲಿ ಅದು ತಡವಾದ ಆರಂಭ. ಪರಿಚಾರಿಕೆಯಾಗಿ ಕಂಡದ್ದು ಕಲಿತದ್ದು ವೈದ್ಯಶಾಲೆಯಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಶರೀರಶಾಸ್ತ್ರದ ಮೊದಲ ಪಾಠದಿಂದ ಎಲ್ಲವೂ ಹೊಸದಾಗಿ ಆಗಬೇಕು. ಡಂಫ್ರೀಸಿನ ಮಾನಸಿಕ ರೋಗಿಗಳ ಆಲಯದಲ್ಲಿ ಕೆಲಕಾಲ ಸಹಾಯಕಳಾಗಿದ್ದು, ೧೯೦೩ರಲ್ಲಿ ಡರಂ ವಿಶ್ವವಿದ್ಯಾಲಯದ ವೈದ್ಯಪದವಿಯನ್ನೂ ೧೯೦೫ರಲ್ಲಿ ಎಂ.ಡಿ. ಪದವಿಯನ್ನೂ, ಮರುವರ್ಷ ಕೇಂಬ್ರಿಜ್ಜಿನ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾವನ್ನೂ ಪಡೆದಳು. ಪರಿಚಾರಿಕೆಯ ಟೋಪಿಯಿಂದ ಎಂ.ಡಿ. ಪದವಿಯ ವರೆಗೆ ೧೫ ವರ್ಷ ಹಿಡಿಯಿತು.

ಪದವೀಧರಳಾದ ಮೇಲೆ ಅರಿವಳಿಕೆ ಕೊಡುವ ಕೆಲಸವು ಆಕೆಯ ಮುಖ್ಯ ವೃತ್ತಿಯಾಯಿತು. ಎಳೆಯ ಮಕ್ಕಳಿಗೆ ಈಥೈಲ್ ಕ್ಲೋರೈಡ್ ಕೊಡುವ ವಿಷಯದಲ್ಲಿ ೧೯೦೫ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಳು. ಹೆಸರುವಾಸಿಯಾದುದು ಮಾತ್ರ ಬೇರೊಂದು ಕಾರಣದಿಂದ. ಸ್ತ್ರೀಯರ ಮತಾಧಿಕಾರಕ್ಕಾಗಿ ಸೆರೆಮನೆಯಲ್ಲಿ ಉಪವಾಸ ಹಿಡಿದವರಿಗೆ ಬಲಾತ್ಕಾರವಾಗಿ ಆಹಾರ ತುರುಕುವುದನ್ನು ಆಕೆ ವೈದ್ಯೆಯಾಗಿ ಖಂಡಿಸಿದಳು; ಬಿಡುಗಡೆಯಾಗಿ ಬಂದ ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟ್ ಮೊದಲಾದವರ ಆರೈಕೆಯನ್ನು ತಾನೇ ವಹಿಸಿಕೊಂಡಳು. ಈ ಚಳವಳಿಯಲ್ಲಿಯೇ ಆಕೆಗೆ ಬಾಳಿನ ಸಂಗಾತಿಯಾಗಿ ದೊರೆತವಳು ಲೂಯಿಸಾ ಗ್ಯಾರೆಟ್ ಆಂಡರ್ಸನ್. ೧೮೬೦ರಲ್ಲಿ ಮಿಡಲ್‌ಸೆಕ್ಸ್ ಆಸ್ಪತ್ರೆಯ ಪರಿಚಾರಿಕೆಯಾಗಿದ್ದ ಎಲಿಜಬೆತ್ತಳ ಮಗಳೇ ಈಕೆ. ೧೮೭೩ರಲ್ಲಿ ಹುಟ್ಟಿ ಶಸ್ತ್ರವೈದ್ಯೆಯಾದ ಈಕೆ ೧೯೧೨ರಲ್ಲಿ ಕಿಟಕಿಯ ಗಾಜು ಒಡೆದುದಕ್ಕಾಗಿ ಹಾಲೊವೇ ಸೆರೆಮನೆಯಲ್ಲಿದ್ದಳು. ಅದೇ ವರ್ಷ ಇಬ್ಬರೂ ಕೂಡಿ ಲಂಡನ್ನಿನ ಹ್ಯಾರೋ ರಸ್ತೆಯಲ್ಲಿ ಬಡಮಕ್ಕಳ ಆಸ್ಪತ್ರೆಯೊಂದನ್ನು ತೆರೆದರು.

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧ ಮೊದಲಾಯಿತು. ಎಡಿನ್‌ಬರೋ ನಗರದ ಶಸ್ತ್ರವೈದ್ಯೆ ಎಲ್ಸಿ ಇಂಗ್ಲಿಸ್ ಸೇವೆಗೆ ಸಿದ್ಧಳೆಂದು ಬಂದಾಗ ಯುದ್ಧಕಚೇರಿಯವರು ಮನೆಗೆ ಹೋಗಿ ಸುಮ್ಮನಿರಬೇಕೆಂದು ಹೇಳಿ ಕಳುಹಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಮರೇ ಮತ್ತು ಆಂಡರ್ಸನ್ ಆ ಕಚೇರಿಯ ಮೆಟ್ಟಿಲನ್ನೇ ಹತ್ತಲಿಲ್ಲ. ಸ್ವದೇಶದ ಸರ್ಕಾರವನ್ನು ಅವರು ಸೆರೆಮನೆಯ ಮೂಲಕ ಬಲ್ಲವರಾಗಿದ್ದರು! ನೇರವಾಗಿ ಲಂಡನ್ನಿನ ಫ್ರೆಂಚ್ ರಾಯಭಾರಿಯ ಕಚೇರಿಗೆ ಹೋಗಿ ತಮ್ಮ ಸೇವೆಯನ್ನು ಒಪ್ಪಿಸಿದರು. ಫ್ರಾನ್ಸಿನ ರೆಡ್‌ಕ್ರಾಸ್ ಸಂಸ್ಥೆ ಒಪ್ಪಿಕೊಂಡಿತು. ‘ಸ್ತ್ರೀಯರ ಆಸ್ಪತ್ರೆದಳ’ವೆಂಬ ಹೆಸರಿನಿಂದ ಅವರ ತಂಡ ೧೯೧೪ರ ಸೆಪ್ಟೆಂಬರ್ ೧೫ರಂದು ವಿಕ್ಟೋರಿಯಾ ನಿಲ್ದಾಣದಿಂದ ಹೊರಟಿತು. ಬೀಳ್ಕೊಡಲು ಬಂದಿದ್ದವರಲ್ಲಿ ೭೮ ವರ್ಷದ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ನಳೂ ಇದ್ದಳು. ತಾನು ಇಪ್ಪತ್ತು ವರ್ಷ ಚಿಕ್ಕವಳಾಗಿದ್ದರೆ ತಂಡವನ್ನು ತಾನೇ ಕರೆದುಕೊಂಡು ಹೋಗುತ್ತಿದ್ದೆನೆಂಬ ಅರ್ಥದ ಮಾತನ್ನು ಆ ವೃದ್ಧೆ ಅಂದು ಆಡಿದಳೆಂದು ಮರೇ ಬರೆದಿಟ್ಟಿದ್ದಾಳೆ.

ಪ್ಯಾರಿಸ್ಸಿನಲ್ಲಿ ಹೊಸದಾಗಿ ಕಟ್ಟಿದ್ದ ಕ್ಲಾರಿಜ್ ಹೋಟೆಲು ಅವರ ಆಸ್ಪತ್ರೆಯಾಯಿತು. ಅಲ್ಲಿಗೆ ಬಂದು ನೋಡಿಹೋದ ಬ್ರಿಟಿಷ್ ಅಧಿಕಾರಿಗಳ ಬಾಯಿಂದ ಸುದ್ದಿ ಹಬ್ಬಿ, ಅದೇ ವರ್ಷದ ನವೆಂಬರಿನಲ್ಲಿ ಬುಲೋನ್ ಬಳಿಯ ವಿಮೆರೋ ಎಂಬಲ್ಲಿ ಬ್ರಿಟಿಷ್ ಸೇನೆಯ ವೈದ್ಯದಳದ ಕೈಕೆಳಗೇ ಒಂದು ಆಸ್ಪತ್ರೆ ನಡೆಸಲು ಅವಕಾಶ ದೊರೆಯಿತು. ೧೯೧೫ರ ಫೆಬ್ರವರಿಯಲ್ಲಿ ಸೇನಾವೈದ್ಯ ಇಲಾಖೆಯ ಮುಖ್ಯಾಧಿಕಾರಿ ಸರ್ ಆಲ್ಫ್ರೆಡ್ ಕಿಯೋ ಲಂಡನ್ನಿನಲ್ಲಿಯೇ ಐನೂರು ಹಾಸಿಗೆಯ ಸೈನಿಕ ಆಸ್ಪತ್ರೆಯೊಂದನ್ನು ಇವರಿಗೆ ವಹಿಸಲು ಮುಂದೆ ಬಂದನು. ಐದಾರು ತಿಂಗಳೊಳಗೆ ಆದ ಈ ಬದಲಾವಣೆಗೆ ಕಾರಣ ನ್ಯಾಯಬುದ್ಧಿಯಲ್ಲ. ಗಾಯಾಳುಗಳ ಸಂಖ್ಯೆ ಏರಿತು, ಪುರುಷವೈದ್ಯರು ರಣರಂಗಕ್ಕೆ ಹೋಗಿ ಸಾಲದೆ ಬಂದರು. ಆದರೂ ಕಿಯೋ ತೋರಿದ ಧೈರ್ಯವನ್ನು ಕಡಮೆಯೆಂದು ಎಣಿಸಲಾಗದು. ಅವನ ಕೈಕೆಳಗಿನವರೇ ಈ ಪ್ರಯೋಗ ಹೆಚ್ಚು ಕಾಲ ನಿಲ್ಲದೆಂದು ನಂಬಿದ್ದರು.

ಕಾವೆಂಟ್ ಗಾರ್ಡನ್ನಿನ ಬಳಿ ಎಂಡೆಲ್ ಬೀದಿಯಲ್ಲಿದ್ದ ಹಳೆಯ ವರ್ಕ್‌ಹೌಸಿನ ಕಟ್ಟಡಗಳಲ್ಲಿ ೧೯೧೫ರ ಮೇ ತಿಂಗಳಲ್ಲಿ ಆಸ್ಪತ್ರೆ ಪ್ರಾರಂಭವಾಯಿತು. ಹಾಸಿಗೆಗಳು ಮೊದಲು ೫೨೦, ಮುಂದೆ ೫೭೩. ವೈದ್ಯರು, ರೋಗಪರೀಕ್ಷಕರು, ದಂತವೈದ್ಯರು, ಮೇಟ್ರನ್, ಉಗ್ರಾಣದವರು, ಗಾಯಾಳುಗಳನ್ನು ಹೊರುವ ಆರ್ಡರ್ಲಿಗಳು, ಎಲ್ಲರೂ ಸ್ತ್ರೀಯರೇ. ಕೆಲವೇ ಮಂದಿ ಗಂಡಾಳುಗಳು ಇದ್ದರು. ವಾರ್ಡುಗಳಿಗೆ ಸಂತಸ್ತ್ರೀಯರ ಹೆಸರುಗಳು. ಆಸ್ಪತ್ರೆಗೆ ‘ಮಾತಲ್ಲ, ಕೃತಿ’ ಎಂಬರ್ಥದ ಘೋಷವಾಕ್ಯ, ಮತಾಧಿಕಾರದ ಚಳವಳಿಯಿಂದ ತಂದುದು. ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ ಗಾಯಾಳುಗಳ ಬಂಡಿಗಳು ಅಂಗಳಕ್ಕೆ ಬರುತ್ತಿದ್ದುವು. ಗಂಟೆ ಬಾರಿಸಿದೊಡನೆ ಆರ್ಡರ್ಲಿಗಳು ಡೋಲಿಗಳನ್ನು ಹಿಡಿದು ಓಡಿಬರಬೇಕು. ಕಾದಂಬರಿಕಾರ್ತಿಯರಾದ ಎಲಿಜಬೆತ್ ರಾಬಿನ್ಸ್ ಮತ್ತು ಬೀಯಟ್ರಿಸ್ ಹ್ಯಾರಡೆನ್ ಆಸ್ಪತ್ರೆಯ ಪುಸ್ತಕಭಂಡಾರವನ್ನು ನೋಡಿಕೊಂಡರೆಂಬುದು ಸಾಹಿತ್ಯಾಸಕ್ತರಿಗೆ ಸ್ವಾರಸ್ಯವಾದ ಸಂಗತಿ.

ಲೂಯಿಸಾ ಮುಖ್ಯ ಶಸ್ತ್ರವೈದ್ಯೆ. ಮರೇ ಆಸ್ಪತ್ರೆಯ ಒಡತಿ, ಅಂದರೆ ವೈದ್ಯಾಧಿಪತ್ಯವನ್ನು ವಹಿಸಿದವಳು. ರೋಗಿಗಳಾದ ಸೈನಿಕರ ಶಿಸ್ತು, ರಜೆ, ಶಿಕ್ಷೆ, ಕಾಗದಪತ್ರ, ಲೆಕ್ಕ, ಎಲ್ಲವೂ ಆಕೆಯ ಕೈಯಲ್ಲಿ. ತಡವಾಗಿ ಮರಳಿದ ಸಿಪಾಯಿ ಆಕೆಯ ಮೇಜಿನ ಮುಂದೆ ನಿಂತು ಉತ್ತರ ಹೇಳಬೇಕಾಗಿತ್ತು. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ೧೯೧೬ರ ಒಂದು ಪ್ರಯೋಗ ಮುಖ್ಯವಾದುದು. ನ್ಯೂಕಾಸಲ್ಲಿನ ರದರ್ಫರ್ಡ್ ಮಾರಿಸನ್ ಎಂಬ ಶಸ್ತ್ರವೈದ್ಯನು ಬಿಸ್ಮತ್, ಅಯೊಡೊಫಾರ್ಮ್, ಪ್ಯಾರಫಿನ್ ಕೂಡಿಸಿ ಮಾಡಿದ, ‘ಬಿಪ್’ ಎಂದು ಕರೆಯುತ್ತಿದ್ದ ಲೇಪವನ್ನು ಲೂಯಿಸಾ ಕೊಳೆತ ಗಾಯಗಳ ಮೇಲೆ ಪರೀಕ್ಷಿಸಿ, ರೋಗಶಾಸ್ತ್ರಜ್ಞೆ ಹೆಲೆನ್ ಚೇಂಬರ್ಸಳೊಡನೆ ಫಲಿತಾಂಶಗಳನ್ನು ಪ್ರಕಟಿಸಿದಳು. ಗಾಯವನ್ನು ಚೆನ್ನಾಗಿ ಶುದ್ಧಮಾಡಿ ಲೇಪ ಹಚ್ಚಿ ಕಟ್ಟಿದರೆ, ದಿನಕ್ಕೆ ಹಲವು ಸಲ ಬಿಚ್ಚುತ್ತಿದ್ದ ಕಟ್ಟನ್ನು ಹಲವು ದಿನ ಮುಟ್ಟದೆ ಬಿಡಬಹುದಾಗಿತ್ತು. ಲೇಪದ ದ್ರವ್ಯಗಳಿಗೆ ವಿಷಗುಣವಿದ್ದುದರಿಂದ ಎಚ್ಚರಿಕೆ ಬೇಕಾಗಿದ್ದಿತು. ಆದರೂ ಜೀವಾಣುನಾಶಕ ಔಷಧಗಳು ಬರುವುದಕ್ಕೆ ಹಿಂದಿನ ಆ ಕಾಲದಲ್ಲಿ ಅದು ದೊಡ್ಡ ಉಪಶಮನ. ಕಟ್ಟು ಬಿಚ್ಚುವಾಗಿನ ರೋಗಿಯ ನರಳಿಕೆಯನ್ನೂ ಪರಿಚಾರಿಕೆಯ ದಣಿವನ್ನೂ ತಾನೇ ಬಲ್ಲವಳೊಬ್ಬಳು ಆಸ್ಪತ್ರೆಯ ಅಧಿಪತಿಯಾಗಿದ್ದುದರಿಂದ ಇಂತಹ ಪ್ರಯೋಗಕ್ಕೆ ಉತ್ತೇಜನ ದೊರೆತಿರಬಹುದೆಂದು ಊಹಿಸಲು ಎಡೆಯುಂಟು. ಊಹೆಗಿಂತ ಹೆಚ್ಚಾಗಿ ಅದನ್ನು ಹೇಳಬಾರದು.

ಮುಚ್ಚುವ ಹೊತ್ತಿಗೆ ಎಂಡೆಲ್ ಬೀದಿಯಲ್ಲಿ ಚಿಕಿತ್ಸೆ ಪಡೆದವರು ಸುಮಾರು ೨೬,೦೦೦. ನಡೆದ ಶಸ್ತ್ರಕ್ರಿಯೆಗಳು ೭,೦೦೦ಕ್ಕೂ ಹೆಚ್ಚು. ಅದಕ್ಕೆ ಹಿಂದೆ ಇಂಗ್ಲೆಂಡಿನ ಸ್ತ್ರೀವೈದ್ಯರು ವಯಸ್ಕ ಪುರುಷರ ಚಿಕಿತ್ಸೆಗೆ ಬಹಳವಾಗಿ ಕೈ ಹಾಕಿದವರಲ್ಲ. ಅವರ ವೃತ್ತಿಯೆಲ್ಲವೂ ಸ್ತ್ರೀಯರ, ಮಕ್ಕಳ ನಡುವೆ. ತೊಡೆಮೂಳೆ ನುಚ್ಚಾದ, ತಲೆಬುರುಡೆಗೆ ಗುಂಡಿನ ಚೂರು ಹೊಕ್ಕ ಸೈನಿಕರು ಅವರಿಗೆ ಹೊಸ ಶಾಸ್ತ್ರ. ಆ ಶ್ರುತವನ್ನು ಅವರು ಹಾಸಿಗೆಯ ಬಳಿಯೇ ಗಳಿಸಿಕೊಂಡರು.

ಇಷ್ಟಾದರೂ ಸೇನೆಯು ಅವರನ್ನು ಏನೆಂದು ಬಗೆಯಿತು? ಈ ಪ್ರಶ್ನೆಯೇ ಇಡೀ ಇತಿಹಾಸದ ತಿರುಳು. ಮರೇಗೆ ಲೆಫ್ಟಿನೆಂಟ್ ಕರ್ನಲ್ಲನ ದರ್ಜೆಯ ಸಂಬಳ ಭತ್ಯಗಳು. ಉಳಿದ ವೈದ್ಯೆಯರಿಗೆ ಮೇಜರ್, ಕ್ಯಾಪ್ಟನ್, ಲೆಫ್ಟಿನೆಂಟರ ದರ್ಜೆಗಳವು. ಆದರೆ ಯಾರಿಗೂ ಕಮಿಷನ್ ಇಲ್ಲ. ರಾಜಮುದ್ರೆಯ ಸನ್ನದು ಇಲ್ಲ. ಸೇನೆಯ ಬಿರುದನ್ನು ಹೆಸರಿನ ಹಿಂದೆ ಹಾಕಿಕೊಳ್ಳುವ ಹಕ್ಕಿಲ್ಲ. ಅವರು ಧರಿಸುತ್ತಿದ್ದುದು ತಮ್ಮ ದಳದ ಉಡುಪನ್ನು, ಸೇನೆಯದನ್ನಲ್ಲ. ಎಂಡೆಲ್ ಬೀದಿಯವರಿಗೆ ತಮ್ಮದೇ ಆಸ್ಪತ್ರೆಯ ಗೋಡೆಯೊಳಗೆ ಅಧಿಕಾರವಾದರೂ ಇದ್ದಿತು. ೧೯೧೬ರಲ್ಲಿ ಯುದ್ಧಕಚೇರಿ ಮಾಲ್ಟಾ ದ್ವೀಪಕ್ಕೆ ಕಳುಹಿಸಿದ ವೈದ್ಯೆಯರಿಗೆ ಅದೂ ಇರಲಿಲ್ಲ. ಅವರು ಕರಾರಿನ ಮೇಲೆ ಕೆಲಸಮಾಡುವ ನಾಗರಿಕರು. ಪುರುಷವೈದ್ಯನು ಮಾಡುವ ಕೆಲಸವನ್ನೇ ಮಾಡಿದರೂ ಸೈನಿಕರು ವಂದಿಸಬೇಕಾದ ಗುರುತು ಅವರ ಭುಜದ ಮೇಲಿರಲಿಲ್ಲ. ದರ್ಜೆಯೆಂಬುದು ಬರಿಯ ಮರ್ಯಾದೆಯ ಮಾತಲ್ಲ. ದಂಡಿನ ಆಸ್ಪತ್ರೆಯಲ್ಲಿ ಆಜ್ಞೆ ನಡೆಯುವುದು ದರ್ಜೆಯಿಂದ. ದರ್ಜೆಯಿಲ್ಲದ ವೈದ್ಯೆಯ ಮಾತನ್ನು ಆರ್ಡರ್ಲಿ ಸಿಪಾಯಿಯು ಕೇಳಿದರೆ ಕೇಳಿದನು, ಇಲ್ಲದಿದ್ದರೆ ಇಲ್ಲ. ಶುಶ್ರೂಷಾ ಶಬ್ದದ ಹಳೆಯ ಅರ್ಥ ಇಲ್ಲಿ ತಲೆಕೆಳಗಾಗಿ ಬರುತ್ತದೆ: ಹಿಂದೆ ಆಕೆಗೆ ಕೇಳುವ ಹಕ್ಕಿರಲಿಲ್ಲ, ಕೇಳಿ ಕಲಿತ ಮೇಲೆ ಆಕೆಯ ಮಾತನ್ನು ಕೇಳಬೇಕೆಂಬ ನಿಯಮವಿರಲಿಲ್ಲ.

೧೯೧೭ರಲ್ಲಿ ಮರೇ ಮತ್ತು ಲೂಯಿಸಾ ಇಬ್ಬರಿಗೂ ಸಿ.ಬಿ.ಇ. ಬಿರುದು ದೊರೆಯಿತು. ಅದೇ ವರ್ಷದ ಡಿಸೆಂಬರ್ ೧೭ರಂದು ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ತೀರಿಕೊಂಡಳು. ಮರುವರ್ಷದ ಫೆಬ್ರವರಿಯಲ್ಲಿ ೩೦ ವರ್ಷ ಮೀರಿದ, ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೆ ಮತಾಧಿಕಾರ ಬಂದಿತು. ೧೯೧೮ರ ವಿಷಮಶೀತಜ್ವರದ ಹಾವಳಿಯಲ್ಲಿ ಆಸ್ಪತ್ರೆ ರೋಗಿಗಳನ್ನೂ ಸಿಬ್ಬಂದಿಯವರನ್ನೂ ಕಳೆದುಕೊಂಡಿತು. ಯುದ್ಧ ನಿಂತು ವರ್ಷ ಕಳೆದ ಮೇಲೆ ಅದೂ ಮುಚ್ಚಿತು. ಯುದ್ಧಕಾಲದಲ್ಲಿ ಸ್ತ್ರೀಯರಿಗೆ ಬಾಗಿಲು ತೆರೆದಿದ್ದ ಲಂಡನ್ನಿನ ವೈದ್ಯಶಾಲೆಗಳಲ್ಲಿ ಹಲವು ಮುಂದಿನ ಹತ್ತು ವರ್ಷಗಳಲ್ಲಿ ಮತ್ತೆ ಮುಚ್ಚಿಕೊಂಡುವು. ಮರೇ ಪರಿಚಾರಿಕೆಯಾಗಿ ದುಡಿದಿದ್ದ ಲಂಡನ್ ಆಸ್ಪತ್ರೆಯದೂ ಅವುಗಳಲ್ಲೊಂದು. ಪರಿಚಾರಿಕೆಯರ ಅಧಿಕೃತ ಪಟ್ಟಿಯೊಂದನ್ನು ಸ್ಥಾಪಿಸುವ ಶಾಸನ ೧೯೧೯ರಲ್ಲಿ ಆಯಿತು. ವೈದ್ಯರ ಪಟ್ಟಿಗೂ ಇದಕ್ಕೂ ೬೧ ವರ್ಷದ ಅಂತರ.

ಹ್ಯಾರೋ ರಸ್ತೆಯ ಮಕ್ಕಳ ಆಸ್ಪತ್ರೆಯೂ ಹಣವಿಲ್ಲದೆ ೧೯೨೧ರಲ್ಲಿ ನಿಂತುಹೋಯಿತು. ಮರೇ ೧೯೨೦ರಲ್ಲಿ ಸ್ತ್ರೀಯರು ಸೇನಾ ಶಸ್ತ್ರವೈದ್ಯರಾಗಿ ಮಾಡಿದ ಕೆಲಸವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದಳು. ಈ ಇತಿಹಾಸಕ್ಕೆ ಅದೇ ಮೂಲಾಧಾರ. ಬಿಗುವಾದ, ಅಲ್ಲಲ್ಲಿ ಕಟಕಿಯಾಡುವ ಶೈಲಿ. ತನ್ನ ವಿಷಯವನ್ನು ಹೇಳುವುದರಲ್ಲಿ ಮಿತಿಮೀರಿದ ಸಂಕೋಚ. ೧೯೨೩ರ ಜುಲೈ ೨೮ರಂದು ಆಕೆ ಲೋಕಾಂತರಗೈದಳು. ಬಕಿಂಗ್‌ಹಂ ಸೀಮೆಯ ಪೆನ್ ಎಂಬ ಹಳ್ಳಿಯ ದೇವಾಲಯದಂಗಳದಲ್ಲಿ ಆಕೆಯ ಸಮಾಧಿಯಿದೆ. ೧೯೪೩ರಲ್ಲಿ ತೀರಿಕೊಂಡ ಲೂಯಿಸಾಳ ಹೆಸರನ್ನೂ ಅದೇ ಕಲ್ಲಿನ ಮೇಲೆ ಕೆತ್ತಿದ್ದಾರೆ.

ಲೂಯಿಸಾ ಸತ್ತ ವರ್ಷವೇ ಏಪ್ರಿಲ್ ೧೬ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸ್ತ್ರೀವೈದ್ಯರಿಗೆ ಸೇನೆಯ ಕಮಿಷನ್ ಕೊಡುವ ಶಾಸನಕ್ಕೆ ಸಹಿಹಾಕಿದನು. ಮಾರ್ಗರೆಟ್ ಕ್ರೇಗ್‌ಹಿಲ್ ಅದರಿಂದ ಮೊದಲು ನೇಮಕಗೊಂಡವಳು. ನಮ್ಮ ದೇಶದಲ್ಲಿಯೂ ೧೯೪೩ ಒಂದು ಗಡಿಕಲ್ಲು. ಆ ವರ್ಷದ ಏಪ್ರಿಲಿನಲ್ಲಿ ಭಾರತೀಯ ಸೇನಾ ವೈದ್ಯದಳ ರಚಿತವಾಯಿತು. ಅದೇ ವರ್ಷದ ಆಜ್ಞಾಶಾಸನದಿಂದ ಸೇನಾಶುಶ್ರೂಷೆಯವರಿಗೆ ಅಧಿಕಾರಿಗಳ ಸ್ಥಾನ ದೊರೆಯಿತು. ಅತ್ತ ಸಿಂಗಪುರದಲ್ಲಿ, ೧೯೩೮ರಲ್ಲಿ ಮದರಾಸಿನ ವೈದ್ಯಪದವಿ ಪಡೆದಿದ್ದ ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ಸುಭಾಷಚಂದ್ರ ಬೋಸರ ಸೇನೆಯ ಝಾನ್ಸಿರಾಣಿ ದಳದ ನಾಯಕತ್ವವನ್ನು ವಹಿಸಿದರು.

ಸ್ವಾತಂತ್ರ್ಯಾನಂತರದ ಸೇನೆಯಲ್ಲಿ ಮೊದಲು ಮೇಜರ್ ಜನರಲ್ ದರ್ಜೆಗೆ ಏರಿದ ಸ್ತ್ರೀ ವೈದ್ಯೆಯಲ್ಲ, ಶುಶ್ರೂಷಾದಳದ ಗರ್ಟ್ರೂಡ್ ಆಲಿಸ್ ರಾಮ್, ಅದು ೧೯೭೬ರಲ್ಲಿ. ಪುಣೆಯ ಸೇನಾ ವೈದ್ಯಕಾಲೇಜು ೧೯೬೨ರಲ್ಲಿ ಪದವಿಶಿಕ್ಷಣವನ್ನು ಆರಂಭಿಸಿತು. ಮರುವರ್ಷ ಸೇರಿದ ಎರಡನೆಯ ತಂಡದಲ್ಲಿದ್ದ ಪುನೀತಾ ಅರೋರಾ ೨೦೦೪ರಲ್ಲಿ ಅದೇ ಕಾಲೇಜಿನ ಕಮಾಂಡೆಂಟರೂ, ಸೇನೆಯ ಮೊದಲ ಸ್ತ್ರೀ ಲೆಫ್ಟಿನೆಂಟ್ ಜನರಲ್ಲರೂ ಆದರು. ಈ ಇಬ್ಬರೂ ಏರಿದುದು ಒಂದೇ ಸೌಧದ ಎರಡು ಬೇರೆ ಬೇರೆ ಮೆಟ್ಟಿಲುಸಾಲುಗಳನ್ನು. ಒಂದರಿಂದ ಇನ್ನೊಂದಕ್ಕೆ ನಡುವೆ ಬಾಗಿಲಿಲ್ಲ. ಭಾರತದಲ್ಲಿ ಇಂದಿಗೂ ಶುಶ್ರೂಷಾಪದವಿಗಾಗಿ ಕಳೆದ ವರ್ಷಗಳು ವೈದ್ಯಪದವಿಯಲ್ಲಿ ಎಣಿಕೆಗೆ ಬರುವುದಿಲ್ಲ. ಸೈನಿಕ ಆಸ್ಪತ್ರೆಯ ಪರಿಚಾರಿಕೆಯೊಬ್ಬಳು ಅಲ್ಲಿಯೇ ವೈದ್ಯೆಯಾಗಬೇಕೆಂದು ಬಯಸಿದರೆ, ೧೮೯೭ರಲ್ಲಿ ಮರೇ ಮಾಡಿದಂತೆ, ಪ್ರವೇಶಪರೀಕ್ಷೆಯನ್ನು ದಾಟಿ ಶರೀರಶಾಸ್ತ್ರದ ಮೊದಲ ಪಾಠಕ್ಕೆ ಬಂದು ಕುಳಿತುಕೊಳ್ಳಬೇಕು.